ಲೇಬರ್ ರೂಮಿನಲ್ಲಿ ಮಗುವಿನ ಎದೆಬಡಿತ ನಾನು ಕೇಳುವ ಬಗೆ

"ಸಿಸ್ಟರ್, ನಮ್ಮ ಹುಡುಗಿಗೆ ಮೆಷಿನ್ ಯಾಕೆ ಹಾಕಿಲ್ಲ?" ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದವರ ತಾಯಂದಿರು ಇದನ್ನು ಕೇಳುತ್ತಲೇ ಇರುತ್ತಾರೆ. ಮೆಷಿನ್ ಅಂದರೆ ಸಿಟಿಜಿ. ಹೊಟ್ಟೆಗೆ ಬೆಲ್ಟ್ ಕಟ್ಟಿದರೆ ಮಗುವಿನ ಬಡಿತ, ಅಮ್ಮನ ನೋವು ಎರಡೂ ಕಾಗದದ ಮೇಲೆ ಬರುತ್ತವೆ. ಬೇರೆ ತೊಂದರೆ ಇಲ್ಲದೆ, ತಾನಾಗಿ ನೋವು ಬಂದವರಿಗೆ ನಾನು ಅದನ್ನು ಹಾಕುವುದಿಲ್ಲ. ಕೈಯಲ್ಲಿ ಹಿಡಿದು ಹೊಟ್ಟೆಯ ಮೇಲಿಟ್ಟು ಮಗುವಿನ ಬಡಿತ ಕೇಳುವ ಪುಟ್ಟ ಸಾಧನ, ಡಾಪ್ಲರ್, ಸಾಕು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯೂ ಇದೇ.

ಆದರೆ ಸುಮ್ನೆ ಡಾಪ್ಲರ್ ಇಟ್ಟು, ಸದ್ದು ಕೇಳಿತು ಅಂತ ಬರೆದರೆ ಆಗುವುದಿಲ್ಲ. ಮೊದಲು ಹೊಟ್ಟೆ ಮುಟ್ಟಿ ಮಗುವಿನ ಬೆನ್ನು ಯಾವ ಕಡೆ ಇದೆ ನೋಡುತ್ತೇನೆ. ಬಡಿತ ಚೆನ್ನಾಗಿ ಕೇಳುವುದು ಅಲ್ಲೇ. ತಲೆ ಕೆಳಗಿದ್ದರೆ ಸಾಮಾನ್ಯವಾಗಿ ಹೊಕ್ಕುಳಿನ ಕೆಳಗೆ, ಎಡಕ್ಕೋ ಬಲಕ್ಕೋ ಸಿಗುತ್ತದೆ. ಜೊತೆಗೆ ಅಮ್ಮನ ನಾಡಿ ಹಿಡಿಯುತ್ತೇನೆ. ಡಾಪ್ಲರಿನಲ್ಲಿ ಕೇಳುವುದು ಕೆಲವೊಮ್ಮೆ ಅಮ್ಮನ ನಾಡಿಯೇ ಆಗಿರುತ್ತದೆ! ಎರಡೂ ಬೇರೆ ಅಂತ ಖಾತ್ರಿಯಾದ ಮೇಲೆ ಕೈ ಹೊಟ್ಟೆಯ ಮೇಲೆ ಇಡುತ್ತೇನೆ. ನೋವು ಬಂದು ಹೊಟ್ಟೆ ಗಟ್ಟಿಯಾದಾಗ ಕೇಳಲು ಶುರು ಮಾಡಿ, ನೋವು ಇಳಿದ ಮೇಲೂ ಕನಿಷ್ಠ ಅರ್ಧ ನಿಮಿಷ ಕೇಳುತ್ತೇನೆ. ಸುಸ್ತಾಗುತ್ತಿರುವ ಮಗುವಿನ ಸುಳಿವು ಸಿಗುವುದು ಆ ಅರ್ಧ ನಿಮಿಷದಲ್ಲಿ. ನೋವಿಲ್ಲದಾಗ ಮಾತ್ರ ಕೇಳಿದರೆ ಅದು ತಪ್ಪಿಹೋಗುತ್ತದೆ.

ನಿಮಿಷಕ್ಕೆ 110ರಿಂದ 160 ಇರಬೇಕು. ನೋವು ಜೋರಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವಾಗ 5 ನಿಮಿಷಕ್ಕೊಮ್ಮೆ ಕೇಳುತ್ತೇನೆ. ನೋವಿನ ನಂತರವೂ ಬಡಿತ ನಿಧಾನವಾಗೇ ಇದ್ದರೆ ಎಡಮಗ್ಗುಲಿಗೆ ಮಲಗಿಸಿ, ನೋವು ಬರಿಸುವ ಡ್ರಿಪ್ ಇದ್ದರೆ ನಿಲ್ಲಿಸಿ, ಡಾಕ್ಟರನ್ನು ಕರೆಯುತ್ತೇನೆ. ಬಿಪಿ ನೋಡುತ್ತೇವೆ, ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಕೆಳಗೆ ಜಾರಿದೆಯಾ ಅಂತಲೂ ನೋಡುತ್ತೇವೆ. ಆಗ ಮೆಷಿನ್ ಬೇಕೇ ಬೇಕು. ಹಿಂದೆ ಸಿಜೇರಿಯನ್ ಆದವರಿಗೆ, ಬಿಪಿ ಜಾಸ್ತಿ ಇರುವವರಿಗೆ, ಡ್ರಿಪ್ ಹಾಕಿದವರಿಗೆ, ಮಗುವಿನ ಸುತ್ತಲಿನ ನೀರು ಹಸಿರಾಗಿ ಹೋದವರಿಗೆ ಮೊದಲಿಂದಲೇ ಹಾಕುತ್ತೇವೆ.

ಎಲ್ಲರಿಗೂ ಹಾಕಿದರೆ ಒಳ್ಳೆಯದೇ ಅಲ್ವಾ? 37,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಸತತವಾಗಿ ಮೆಷಿನ್ ಹಾಕಿದ ಕಡೆ ಹಸುಗೂಸುಗಳಿಗೆ ಫಿಟ್ಸ್ ಬರುವುದು ಅರ್ಧಕ್ಕೆ ಇಳಿದಿತ್ತು. ಫಿಟ್ಸ್ ಬರುವುದೇ ಅಪರೂಪ, ಆದರೂ ಅದು ಸಣ್ಣ ಲಾಭವಲ್ಲ. ಸಾವಿನಲ್ಲಿ, ಸೆರೆಬ್ರಲ್ ಪಾಲ್ಸಿಯಲ್ಲಿ (ಮಿದುಳಿಗೆ ಪೆಟ್ಟಾಗಿ ಮಗುವಿನ ಕೈಕಾಲಿನ ಚಲನೆಗೆ ತೊಂದರೆಯಾಗುವುದು) ಮಾತ್ರ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಸಿಜೇರಿಯನ್ ಮಾತ್ರ ಸುಮಾರು ಒಂದೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ನೋವಿನಲ್ಲಿ ಮಗುವಿನ ತಲೆಗೆ ಒತ್ತಡ ಬಿದ್ದಾಗ ಬಡಿತ ಒಂದಿಷ್ಟು ಇಳಿಯುವುದು ಸಹಜ, ಕಾಗದದ ಮೇಲೆ ಕಂಡರೆ ಎಲ್ಲರಿಗೂ ಹೆದರಿಕೆ. ಮೇಲಾಗಿ ಬೆಲ್ಟ್ ಕಟ್ಟಿಕೊಂಡವರು ಓಡಾಡುವಂತಿಲ್ಲ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ರಕ್ತನಾಳದ ಮೇಲೆ ಬಿದ್ದು, ಅದರಿಂದಲೇ ಮಗುವಿನ ಬಡಿತ ಇಳಿಯಬಹುದು.

ಹಾಗಿದ್ದೂ ಮೆಷಿನ್ ಯಾಕೆ ಇಷ್ಟು ಬಳಕೆಯಲ್ಲಿದೆ? ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್ ಇದ್ದು, ಮೂವರಿಗೆ ನೋವು ಬಂದಿದ್ದರೆ 5 ನಿಮಿಷಕ್ಕೊಮ್ಮೆ ಎಲ್ಲಿಂದ ಕೇಳುವುದು? ಆಗ ಬೆಲ್ಟ್ ಕಟ್ಟಿಬಿಡುವುದೇ ಸುಲಭ. ನನ್ನ ಲೆಕ್ಕದಲ್ಲಿ ಅರ್ಧ ಕಾರಣ ಇದೇ. ಹೊಸ ಮೆಷಿನ್ ಕೊಡುತ್ತೇವೆ ಅಂದಾಗಲೆಲ್ಲ ರಾತ್ರಿಗೆ ಇನ್ನೊಬ್ಬ ಸಿಸ್ಟರನ್ನು ಕೊಡಿ ಅಂತ ಕೇಳುತ್ತೇನೆ.