ಮನೆಯೊಳಗೆ ಮಾನ್‌ಸ್ಟೆರಾ ಬಳ್ಳಿ: ನಾನು ಬೆಳೆಸಿದ ಬಗೆ

ಮಾನ್‌ಸ್ಟೆರಾ ಒಂದು ಬಳ್ಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನರ್ಸರಿಯಲ್ಲಿ ನೋಡಿದಾಗ ಹಾಗೆ ಅನ್ನಿಸುವುದೇ ಇಲ್ಲ. ಎಷ್ಟೋ ಸಲ ಒಂದೇ ಕುಂಡದಲ್ಲಿ ಮೂರ್ನಾಲ್ಕು ಎಳೆ ಸಸಿಗಳನ್ನು ಒತ್ತಾಗಿ ನೆಟ್ಟಿರುತ್ತಾರೆ. ನೋಡಿದರೆ ತುಂಬಿದ ಪೊದೆ. ಆದರೆ ದಕ್ಷಿಣ ಮೆಕ್ಸಿಕೊದಿಂದ ಪನಾಮಾವರೆಗಿನ ಮಳೆಕಾಡು ಇದರ ತವರು. ಅಲ್ಲಿ ಇದು ದೊಡ್ಡ ಮರದ ಕಾಂಡಕ್ಕೆ ಬಿಳಲು ಊರಿಕೊಂಡು ಮೇಲಕ್ಕೆ ಹತ್ತುತ್ತದೆ. ಹತ್ತಿದಷ್ಟೂ ಎಲೆ ದೊಡ್ಡದಾಗುತ್ತದೆ, ಸೀಳು ಜಾಸ್ತಿಯಾಗುತ್ತದೆ. ಬೆಳಕಿರಲಿ, ನೀರಿರಲಿ, ಮಣ್ಣಿರಲಿ, ಮನೆಯಲ್ಲಿ ಈ ಗಿಡದ ಬಗ್ಗೆ ಏನೇ ಯೋಚಿಸುವಾಗಲೂ ನಾನು ಈ ಮರ ಹತ್ತುವ ಸ್ವಭಾವದಿಂದಲೇ ಶುರು ಮಾಡುತ್ತೇನೆ.

ಮೊದಲು ಬೆಳಕು. 'ಕಡಿಮೆ ಬೆಳಕಿನಲ್ಲೂ ಬೆಳೆಯುವ ಗಿಡ' ಅಂತ ಇದನ್ನು ಮಾರುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಕಾಡಿನ ನೆಲದಲ್ಲಿ ಮೊಳೆತ ಸಸಿಗೆ ನೆರಳನ್ನು ತಡೆದುಕೊಳ್ಳುವ ಶಕ್ತಿ ಇದ್ದೇ ಇದೆ. ಇದರ ಹತ್ತಿರದ ಸಂಬಂಧಿ ಮಾನ್‌ಸ್ಟೆರಾ ಜೈಗ್ಯಾಂಟಿಯಾದ ಸಸಿಗಳು ಬೆಳಕನ್ನು ಬಿಟ್ಟು ಕತ್ತಲಿನ ಕಡೆಗೇ ಹರಿಯುತ್ತವೆ ಅಂತ 1975ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ದಟ್ಟ ಕತ್ತಲು ಅಂದರೆ ಅಲ್ಲಿ ದಪ್ಪ ಮರದ ಕಾಂಡ ಇದೆ ಎಂದರ್ಥ, ಅಲ್ವಾ? ಕಾಂಡ ಸಿಕ್ಕಿತು ಅಂದರೆ ಬಳ್ಳಿ ಅದನ್ನು ಹಿಡಿದು ಬೆಳಕಿನ ಕಡೆಗೆ ಹತ್ತಲು ಶುರು ಮಾಡುತ್ತದೆ. ಅಂದರೆ ನೆರಳು ಇದರ ಬಾಲ್ಯಕ್ಕೆ ಮಾತ್ರ. ಕೋಣೆಯ ಮೂಲೆಯಲ್ಲಿ ಇಟ್ಟರೆ ಸಾಯುವುದಿಲ್ಲ, ಆದರೆ ಹೃದಯದ ಆಕಾರದ, ಸೀಳಿಲ್ಲದ ಎಳೆತನದ ಎಲೆಗಳನ್ನೇ ಬಿಡುತ್ತಾ ಕೂರುತ್ತದೆ.

ನನ್ನ ಗಿಡವನ್ನು ಪೂರ್ವದ ಕಿಟಕಿಯ ಪಕ್ಕದಲ್ಲಿಟ್ಟೆ. ಬೆಳಗಿನ ಎಳೆ ಬಿಸಿಲು ಒಂದಷ್ಟು ಹೊತ್ತು ನೇರವಾಗಿಯೇ ಎಲೆಯ ಮೇಲೆ ಬೀಳುತ್ತದೆ, ಆಮೇಲೆ ದಿನವಿಡೀ ತಿಳಿಬೆಳಕು. ಕಿಟಕಿಯಿಂದ ಕೈಯಳತೆಯಷ್ಟೇ ದೂರ. ನಮ್ಮ ಕಣ್ಣಿಗೆ ಕೋಣೆಯೆಲ್ಲ ಒಂದೇ ಥರ ಬೆಳಗಿದಂತೆ ಕಾಣುತ್ತದೆ, ಆದರೆ ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಸರಿದರೂ ಗಿಡಕ್ಕೆ ಸಿಗುವ ಬೆಳಕು ಬಹಳ ಇಳಿದುಹೋಗುತ್ತದೆ. ನಾನು ನಡುಮಧ್ಯಾಹ್ನ ಎಲೆಯ ಮೇಲೆ ಕೈ ಹಿಡಿದು ನೆರಳು ನೋಡುತ್ತೇನೆ. ಬೆರಳುಗಳು ಬೇರೆ ಬೇರೆಯಾಗಿ ಮಸುಕಾಗಿ ಕಂಡರೆ ಜಾಗ ಚೆನ್ನಾಗಿದೆ. ನೆರಳೇ ಬೀಳದಿದ್ದರೆ ಬೆಳಕು ಸಾಲದು. ಅಂಚು ಚೂಪಾಗಿ ಕಪ್ಪಗೆ ಬಿದ್ದರೆ ಅದು ನೇರ ಬಿಸಿಲು. ಮಧ್ಯಾಹ್ನದ ಅಂಥ ಬಿಸಿಲಿಗೆ ಎಲೆ ಸುಟ್ಟು ಒಣಗಿದ ಕಂದು ಮಚ್ಚೆ ಬೀಳುತ್ತದೆ. ಅಲ್ಲಿ ತೆಳು ಪರದೆ ಹಾಕಿದರೆ ಆಯಿತು.

ಬೆಳಕು ಸಾಕಾಗಿದೆಯಾ ಅಂತ ಗಿಡವೇ ಹೇಳುತ್ತದೆ. ಎರಡು ಗಿಣ್ಣುಗಳ ನಡುವಿನ ಅಂತರ ನೋಡಿ. ಗಿಣ್ಣುಗಳು ಹತ್ತಿರ ಹತ್ತಿರ ಇದ್ದು ಕಾಂಡ ದಪ್ಪಗಿದ್ದರೆ ಗಿಡ ಖುಷಿಯಾಗಿದೆ. ಕಾಂಡ ಸಣಕಲಾಗಿ ಉದ್ದಕ್ಕೆ ಎಳೆದುಕೊಂಡು, ತೊಟ್ಟು ಉದ್ದವಾಗಿ, ಎಲೆ ಚಿಕ್ಕದಾದರೆ ಅದು ಬೆಳಕು ಹುಡುಕುತ್ತಿದೆ. ಎಲೆಯೂ ತೊಟ್ಟೂ ಸೇರುವ ಕಡೆ ಸುಕ್ಕುಸುಕ್ಕಾದ ಒಂದು ಭಾಗವಿರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಎಲೆ ಬೆಳಕಿಗೆ ಮುಖ ಮಾಡಿ ಬಾಗುವುದು ಅಲ್ಲಿಂದಲೇ.

ಹೊಸ ಎಲೆ ಬರುವ ಹೊತ್ತು ನನಗೆ ತುಂಬಾ ಇಷ್ಟ. ಹಿಂದಿನ ಎಲೆಯ ತೊಟ್ಟಿನ ಬುಡದಲ್ಲಿ ಒಂದು ಸೀಳು ತೆರೆದುಕೊಂಡು, ಅದರೊಳಗಿಂದ ಬಿಗಿಯಾಗಿ ಸುತ್ತಿದ ಎಲೆ ಸುರುಳಿ ಈಟಿಯ ಮೊನೆಯಂತೆ ಹೊರಬರುತ್ತದೆ. ತಿಳಿಹಸಿರು ಬಣ್ಣ, ಮೇಣ ಸವರಿದಂಥ ಹೊಳಪು. ಬಿಚ್ಚಿಕೊಳ್ಳುವಾಗ ಅದು ಎಷ್ಟು ಮೆತ್ತಗಿರುತ್ತದೆ ಅಂದರೆ ಉಗುರು ತಾಗಿದರೂ ಆ ಗಾಯ ಕೊನೆಯವರೆಗೂ ಕಂದು ಗೆರೆಯಾಗಿ ಉಳಿಯುತ್ತದೆ. ತಡವಾಗುತ್ತಿದೆ ಅಂತ ಕೈಯಿಂದ ಬಿಡಿಸಲು ಹೋಗಬೇಡಿ. ಈ ಸೀಳುಗಳು, ತೂತುಗಳು ಎಲೆ ಬಿಚ್ಚಿಕೊಂಡ ಮೇಲೆ ಆಗುವುದಲ್ಲ. ಎಲೆ ಇನ್ನೂ ಮೊಗ್ಗಿನೊಳಗೆ ಪುಟ್ಟದಾಗಿದ್ದಾಗಲೇ ಅಲ್ಲಲ್ಲಿ ಜೀವಕೋಶಗಳು ತಾವಾಗಿ ಸತ್ತು ಜಾಗ ಬಿಡುತ್ತವೆ. ಹಾಗಾಗಿ ಸೀಳಿಲ್ಲದೆ ಬಿಚ್ಚಿದ ಎಲೆ ಕೊನೆಯವರೆಗೂ ಹಾಗೇ ಇರುತ್ತದೆ. ಅದಕ್ಕೆ ಏನು ಉಪಚಾರ ಮಾಡಿದರೂ ಫಲವಿಲ್ಲ, ಮುಂದಿನ ಎಲೆಗಾಗಿ ಬೆಳಕು ಹೆಚ್ಚಿಸಬೇಕು. ತೂತುಗಳು ಯಾಕೆ ಅನ್ನುವುದಕ್ಕೆ ನನಗೆ ಮನಸ್ಸಿಗೆ ಹಿಡಿಸಿದ ವಿವರಣೆ 2013ರಲ್ಲಿ ಬಂದದ್ದು: ತೂತಿದ್ದರೆ ಅಷ್ಟೇ ಹಸಿರು ಭಾಗವನ್ನು ಇನ್ನಷ್ಟು ಅಗಲಕ್ಕೆ ಹರಡಬಹುದು, ದಟ್ಟ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಬೀಳುವ ಬಿಸಿಲ ಚುಕ್ಕೆ ತಪ್ಪಿಹೋಗುವುದು ಕಡಿಮೆಯಾಗುತ್ತದೆ.

ನೀರಿನ ವಿಷಯಕ್ಕೆ ಬರುತ್ತೇನೆ. ವಾರಕ್ಕೆ ಇಷ್ಟು ಸಲ ಅನ್ನುವ ಲೆಕ್ಕ ನಾನು ಇಟ್ಟುಕೊಂಡಿಲ್ಲ. ಬೆಳಕು ಜಾಸ್ತಿ ಇದ್ದು ಗಿಡ ಬೆಳೆಯುವಾಗ ಬೇಗ ಕುಡಿಯುತ್ತದೆ, ಚಳಿಗಾಲದಲ್ಲಿ ನಿಧಾನ. ಬೆರಳನ್ನು ಮಣ್ಣಿಗೆ ಎರಡು ಇಂಚು ಇಳಿಸುತ್ತೇನೆ. ಅಲ್ಲಿವರೆಗೆ ಒಣಗಿದ್ದರೆ ಮಾತ್ರ ನೀರು. ಹಾಕುವಾಗ ಕೆಳಗಿನ ತೂತಿನಿಂದ ಹರಿದು ಬರುವವರೆಗೂ ಧಾರಾಳವಾಗಿ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡುತ್ತೇನೆ. ದಿನಾ ಸ್ವಲ್ಪ ಸ್ವಲ್ಪ ಸುಮ್ನೆ ಚಿಮುಕಿಸಿದರೆ ಮೇಲಿನ ಮಣ್ಣು ಮಾತ್ರ ಸದಾ ಒದ್ದೆ, ಕೆಳಗಿನ ಬೇರು ಒಣ. ಕೆಲವು ದಿನ ಬೆಳಗ್ಗೆ ಎಲೆಯ ತುದಿಯಲ್ಲಿ ನೀರಿನ ಹನಿ ತೂಗುತ್ತಿರುತ್ತದೆ. ಅದು ರೋಗವಲ್ಲ. ರಾತ್ರಿ ಬೇರು ಮೇಲಕ್ಕೆ ತಳ್ಳಿದ ನೀರು ಎಲೆಯ ಅಂಚಿನಿಂದ ಹೊರಬಂದಿರುತ್ತದೆ. ದಿನಾ ಕಂಡರೆ ಮಾತ್ರ ಮಣ್ಣು ಇನ್ನಷ್ಟು ಒಣಗಲಿ ಅಂತ ಬಿಡುತ್ತೇನೆ.

ಜನ ಹೆದರುವುದು ಹಳದಿ ಎಲೆಗೆ. ತೀರಾ ಕೆಳಗಿನ ಹಳೆಯ ಎಲೆ ಒಂದೇ ಹಳದಿಯಾದರೆ ಅದು ಅದರ ಆಯಸ್ಸು, ಕತ್ತರಿಸಿ ಹಾಕಿ. ಒಟ್ಟಿಗೆ ಹಲವು ಎಲೆ ಹಳದಿಯಾಗಿ, ಮಣ್ಣು ಒದ್ದೆ ಇದ್ದರೂ ಗಿಡ ಜೋತುಬಿದ್ದಿದ್ದರೆ ಬೇರು ಕೊಳೆಯುತ್ತಿದೆ ಅಂತ ಅನುಮಾನಪಡಬೇಕು. ಆಗ ತಡಮಾಡದೆ ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ನೋಡಿ. ಒಳ್ಳೆಯ ಬೇರು ಬೆಳ್ಳಗೆ ಅಥವಾ ತಿಳಿ ಕಂದು ಬಣ್ಣಕ್ಕಿದ್ದು ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಹಿಸುಕಿದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರುತ್ತದೆ, ವಾಸನೆಯೂ ಇರುತ್ತದೆ. ಕೊಳೆತದ್ದನ್ನೆಲ್ಲ ಶುದ್ಧ ಕತ್ತರಿಯಿಂದ ತೆಗೆದು ಹೊಸ ಮಣ್ಣಿಗೆ ಹಾಕಬೇಕು.

ಮಣ್ಣು ಅಂದರೂ ನಿಜವಾಗಿ ಅದರಲ್ಲಿ ಮಣ್ಣು ಇಲ್ಲ. ಮರ ಹತ್ತುವ ಗಿಡದ ಬೇರಿಗೆ ನೀರಿನಷ್ಟೇ ಗಾಳಿ ಬೇಕು. ನಾನು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಆರ್ಕಿಡ್‌ಗೆ ಬಳಸುವ ಮರದ ತೊಗಟೆ ಚೂರು ಎರಡು ಪಾಲು, ಪರ್ಲೈಟ್ ಅನ್ನುವ ಹಗುರವಾದ ಬಿಳಿ ಕಲ್ಲಿನ ಹರಳು ಒಂದು ಪಾಲು, ಎರೆಗೊಬ್ಬರ ಒಂದು ಪಾಲು ಬೆರೆಸುತ್ತೇನೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆ ಕಟ್ಟಬಾರದು. ಕುಂಡ ಬದಲಿಸುವಾಗ ಹಳೆಯದಕ್ಕಿಂತ ಒಂದೆರಡು ಇಂಚು ಅಗಲದ್ದು ಸಾಕು. ಗಿಡ ದೊಡ್ಡದಾಗಲಿ ಅಂತ ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಕಡೆ ನೀರು ನಿಂತು ಕೊಳೆತ ಶುರುವಾಗುತ್ತದೆ. ಗೊಬ್ಬರಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಳೆಯುವ ಕಾಲದಲ್ಲಿ ದ್ರವ ಗೊಬ್ಬರವನ್ನು ಪ್ಯಾಕೆಟ್ ಹೇಳುವ ಅರ್ಧ ಪ್ರಮಾಣದಲ್ಲಿ ತಿಂಗಳಿಗೊಮ್ಮೆ ಕೊಡುತ್ತೇನೆ, ಬೆಳವಣಿಗೆ ನಿಂತಾಗ ಬಿಟ್ಟುಬಿಡುತ್ತೇನೆ.

ಗಿಡದ ರೂಪವನ್ನೇ ಬದಲಿಸಿದ್ದು ಮಾಸ್ ಪೋಲ್, ಅಂದರೆ ಬಳ್ಳಿ ಹತ್ತಲು ಕೊಡುವ ಪಾಚಿ ತುಂಬಿದ ಕಂಬ. ಕಂಬ ಕೊಡುವವರೆಗೆ ಗಿಡ ಅಡ್ಡಡ್ಡ ಹರಡಿ ದಾರಿಗೆ ಅಡ್ಡ ಬರುತ್ತಿತ್ತು. ಕಂಬ ಹಿಡಿದ ಮೇಲೆ ಬಂದ ಎಲೆಗಳು ಒಂದಕ್ಕಿಂತ ಒಂದು ಅಗಲ. ಕಂಬವನ್ನು ನಾನೇ ಮಾಡಿಕೊಂಡೆ: ಪ್ಲಾಸ್ಟಿಕ್ ಲೇಪಿಸಿದ ಜಾಲರಿಯನ್ನು ಕೊಳವೆಯಂತೆ ಸುತ್ತಿ, ಒಳಗೆ ನೆನೆಸಿದ ಸ್ಫ್ಯಾಗ್ನಮ್ ಮಾಸ್ ಅನ್ನುವ ಪಾಚಿ ತುಂಬಿ, ಬುಡ ಕುಂಡದ ತಳದವರೆಗೆ ಇಳಿಯುವಂತೆ ನಿಲ್ಲಿಸಿದೆ. ಕಟ್ಟುವುದರಲ್ಲಿ ಒಂದು ಸೂಕ್ಷ್ಮವಿದೆ. ಬಳ್ಳಿಗೆ ಎದುರು, ಬೆನ್ನು ಅಂತ ಇರುತ್ತದೆ. ಎಲೆಗಳು ಮುಖ ಮಾಡಿದ ಕಡೆ ಎದುರು, ಗಿಣ್ಣಿನಿಂದ ಬಿಳಲು ಹೊರಡುವ ಕಡೆ ಬೆನ್ನು. ಬೆನ್ನು ಕಂಬಕ್ಕೆ ತಾಗಬೇಕು, ಎದುರು ಬೆಳಕಿಗಿರಬೇಕು. ದಾರ ಕಟ್ಟುವುದು ದಪ್ಪ ಕಾಂಡಕ್ಕೆ, ಗಿಣ್ಣಿನ ಹತ್ತಿರ. ಎಲೆಯ ತೊಟ್ಟನ್ನು ಎಂದೂ ಕಟ್ಟಬೇಡಿ, ಅದು ಬೆಳಕಿನ ಕಡೆ ತಿರುಗಲು ಬಿಡುವಾಗಿರಬೇಕು. ಮೆತ್ತಗಿನ ಬಟ್ಟೆಯ ಪಟ್ಟಿ ಬಳಸಿ, ಬಿಳಲು ಕಂಬದೊಳಗೆ ಹೊಕ್ಕ ಮೇಲೆ ಬಿಚ್ಚಿಹಾಕಿದೆ.

ಕಂಬ ಒದ್ದೆಯಾಗಿದ್ದರೆ ಮಾತ್ರ ಬಿಳಲು ಒಳಗೆ ಇಳಿದು ಕವಲೊಡೆಯುತ್ತದೆ. ಒಣ ಕಂಬ ಬರೀ ಊರುಗೋಲು. ನಾನು ನೀರು ಹಾಕುವ ದಿನ ಕಂಬದ ತಲೆಯಿಂದಲೂ ನಿಧಾನಕ್ಕೆ ನೀರು ಸುರಿಯುತ್ತೇನೆ. ಕಂಬಕ್ಕೆ ಎಟುಕದ ಬಿಳಲುಗಳನ್ನು ಬಗ್ಗಿಸಿ ಕುಂಡದೊಳಗೆ ಬಿಡುತ್ತೇನೆ. ಅಡ್ಡ ಬಂದ ಒಂದೆರಡನ್ನು ಕತ್ತರಿಸಿದರೆ ಗಿಡಕ್ಕೆ ತೊಂದರೆಯಿಲ್ಲ, ಆದರೂ ನನಗೆ ಮನಸ್ಸು ಬರುವುದಿಲ್ಲ.

ಗಾಳಿಯಲ್ಲಿ ತೇವ ಹೆಚ್ಚಲಿ ಅಂತ ಎಲೆಗೆ ನೀರು ಚಿಮುಕಿಸುವುದನ್ನು ನಾನು ನಂಬುವುದಿಲ್ಲ. ಆ ತೇವ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಅದರ ಬದಲು ಒದ್ದೆ ಬಟ್ಟೆಯಿಂದ ಎಲೆಯ ಎರಡೂ ಬದಿ ಒರೆಸುತ್ತೇನೆ, ಅಡಿಯಲ್ಲಿ ಕೈ ಆಸರೆ ಕೊಟ್ಟು. ಇಷ್ಟು ಅಗಲದ ಎಲೆಯ ಮೇಲೆ ಧೂಳು ಕೂತರೆ ಬೆಳಕಿಗೇ ಅಡ್ಡಿ. ಒರೆಸುವಾಗಲೇ ಹುಳುವೂ ಕಣ್ಣಿಗೆ ಬೀಳುತ್ತದೆ. ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಗಿಣ್ಣಿನ ಸಂದಿಯಲ್ಲಿ ಕೂತಿರುತ್ತದೆ, ಅದನ್ನು ಒರೆಸಿ ತೆಗೆಯಬಹುದು. ಥ್ರಿಪ್ಸ್ ಅನ್ನುವ ಪುಟ್ಟ ರಸ ಹೀರುವ ಹುಳು ಮಾತ್ರ ಹಟಮಾರಿ. ಎಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಕೆರೆದ ಗುರುತು, ಅದರ ಮೇಲೆ ಕಪ್ಪು ಚುಕ್ಕೆಗಳಂಥ ಹಿಕ್ಕೆ, ಎಲೆಯಡಿ ನರದ ಪಕ್ಕ ನಿಧಾನಕ್ಕೆ ಸರಿಯುವ ಮಾಸಲು ಹಳದಿ ಮರಿಗಳು. ಮೊಟ್ಟೆ ಎಲೆಯ ಒಳಗೇ ಹುದುಗಿರುವುದರಿಂದ ಒಂದು ಸಲದ ಔಷಧಿಗೆ ಬಗ್ಗುವುದಿಲ್ಲ. ಗಿಡವನ್ನು ಬೇರೆ ಗಿಡಗಳಿಂದ ದೂರವಿಟ್ಟು, ನೀರಿನ ಧಾರೆಯಲ್ಲಿ ತೊಳೆದು, ಬೇವಿನ ಎಣ್ಣೆಗೆ ಸ್ವಲ್ಪ ದ್ರವ ಸಾಬೂನು ಬೆರೆಸಿದ ನೀರನ್ನು ಸಂಜೆ ಹೊತ್ತು ಎಲೆಯಡಿಗೆ ಸಿಂಪಡಿಸಿದೆ. ವಾರಕ್ಕೊಮ್ಮೆ, ಹೊಸ ಎಲೆ ಕಲೆಯಿಲ್ಲದೆ ಬರುವವರೆಗೂ ಬಿಡದೆ.

ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯವರು ಒಂದು ಗಮನಿಸಿ. ಮಾನ್‌ಸ್ಟೆರಾ ಕೆಸುವಿನ ಕುಟುಂಬದ ಗಿಡ. ಎಲೆ, ಕಾಂಡದ ತುಂಬ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕತ್ತರಿಸುವಾಗ ಬರುವ ರಸ ಕೆಲವರ ಚರ್ಮಕ್ಕೂ ಆಗದು, ನಾನು ಕೈಗವಸು ಹಾಕಿಕೊಳ್ಳುತ್ತೇನೆ.

ಕತ್ತರಿಸುವ ಕೆಲಸ ಬಂದೇ ಬರುತ್ತದೆ. ಕಂಬದ ತುದಿ ಮುಟ್ಟಿದ ಬಳ್ಳಿ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ನನ್ನದು ತುದಿ ದಾಟಿದಾಗ ಮೇಲಿನ ಭಾಗವನ್ನು ಎರಡು ಗಿಣ್ಣು, ಒಂದು ಬಿಳಲು ಇರುವಂತೆ ನೋಡಿ, ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿದೆ. ಗಿಣ್ಣಿಲ್ಲದ ಬರೀ ಎಲೆ, ತೊಟ್ಟು ನೀರಿನಲ್ಲಿ ಬೇರು ಬಿಟ್ಟರೂ ಅದರಿಂದ ಹೊಸ ಗಿಡ ಬರುವುದಿಲ್ಲ, ಚಿಗುರುವ ಕಣ್ಣು ಇರುವುದು ಗಿಣ್ಣಿನಲ್ಲೇ. ಕತ್ತರಿಸಿದ ಬಾಯಿ ಒಂದು ದಿನ ಒಣಗಲು ಬಿಟ್ಟು ನೀರಿಗೆ ಹಾಕಿದೆ, ಕೆಲವು ದಿನಕ್ಕೊಮ್ಮೆ ನೀರು ಬದಲಿಸಿದೆ. ಬಿಳಲಿನಿಂದ ಕವಲುಬೇರು ಬೆರಳುದ್ದ ಬಂದ ಮೇಲೆ ಅದೇ ತೊಗಟೆ ಮಿಶ್ರಣದಲ್ಲಿ ನೆಟ್ಟೆ. ಕೆಳಗೆ ಉಳಿದ ಮೋಟು ಕಾಂಡವನ್ನು ಎಸೆಯಲಿಲ್ಲ. ಅದಕ್ಕೆ ಎಲೆ ಕಡಿಮೆಯಾದ್ದರಿಂದ ನೀರನ್ನೂ ಕಡಿಮೆ ಮಾಡಿದೆ. ಕತ್ತರಿಸಿದ ಜಾಗದ ಕೆಳಗಿನ ಗಿಣ್ಣಿನ ಕಣ್ಣು ಉಬ್ಬಿ ಹಸಿರು ಮೂತಿ ಹೊರಹಾಕಿತು. ಆ ಚಿಗುರಿನ ಮೊದಲ ಎಲೆಗಳು ಚಿಕ್ಕವೇ. ಅದರ ಬೆನ್ನು ಯಾವ ಕಡೆ ಅಂತ ನೋಡಿಕೊಂಡು ಅದನ್ನೂ ಹಳೆಯ ಕಂಬಕ್ಕೇ ಕಟ್ಟಿದ್ದೇನೆ.