ಹದಿನಾರು ಸಾಲಿಗೆ ಒಂದೇ ನ್ಯಾನೋ

"ಸುಮ್ನ ಪಿಸಿಎ 9685 ಬೋರ್ಡ್ ಹಚ್ರಿ ಅಣ್ಣಾ, ನ್ಯಾನೋದಾಗ ಆರೇ ಪಿನ್ನಿಗೆ ಪಿಡಬ್ಲ್ಯೂಎಂ ಅದ" ಅಂದ ಅಂಗಡಿಯ ಹುಡುಗ. ನ್ಯಾನೋ ಅಂದರೆ ಆರ್ಡುಯಿನೋದ ಪುಟ್ಟ ಕಂಟ್ರೋಲರ್ ಬೋರ್ಡು; ಪಿಡಬ್ಲ್ಯೂಎಂ ಅಂದರೆ ಕಣ್ಣಿಗೆ ಕಾಣದಷ್ಟು ಬೇಗ ಹಚ್ಚಿ ಆರಿಸಿ ಬೆಳಕು ಹೆಚ್ಚುಕಡಿಮೆ ಮಾಡೋದು; 9685 ಅದನ್ನೇ ಹದಿನಾರು ಸಾಲಿಗೆ ಮಾಡೋ ಬೋರ್ಡು. ಮಾತು ಖರೆ. ಆದರೆ ಆ ವಾರ ಕಲಬುರಗಿಯಲ್ಲಿ ಎಲ್ಲಿ ಕೇಳಿದರೂ ಬೋರ್ಡಿಲ್ಲ. ಶರಣಬಸವೇಶ್ವರ ಜಾತ್ರೆಗೆ ಎಂಟೋ ಒಂಬತ್ತೋ ದಿನ. ಕಮಾನಿನ ಹದಿನಾರು ಸಾಲು ಎಲ್‌ಇಡಿ ಪಟ್ಟಿ ಒಂದರ ಹಿಂದೊಂದು ಮೆಲ್ಲಗೆ ಏರಿ ಇಳಿಯುವ ಹಾಗೆ ಮಾಡಿಕೊಡ್ತೀನಿ ಅಂತ ಮುಂಗಡ ಇಸಕೊಂಡಾಗಿತ್ತು.

ಮೊದಲ ದಿನ ರಾತ್ರಿ ಎಲ್ಲರ ಹಾಗೆ ಟೈಮರ್ ಇಂಟರಪ್ಟಿನಲ್ಲಿ (ಗೊತ್ತಾದ ಹೊತ್ತಿಗೊಮ್ಮೆ ಚಿಪ್ಪನ್ನು ಕರೆಯೋ ಗಂಟೆ) 255ರ ತನಕ ಎಣಿಸಿ, ಹೆಜ್ಜೆಹೆಜ್ಜೆಗೂ ಹದಿನಾರು ಪಿನ್ನಿಗೆ ಹಚ್ಚು-ಆರಿಸು ಅನ್ನೋ ಡಿಜಿಟಲ್‌ರೈಟ್ ಹಾಕಿದೆ. ಸೆಕೆಂಡಿಗೆ 100 ಸುತ್ತು ಬೇಕಂದರೆ ಹೆಜ್ಜೆಗೆ ಸಿಗೋದು 39 ಮೈಕ್ರೊಸೆಕೆಂಡು. ಡಿಜಿಟಲ್‌ರೈಟಿಗೇ ಅದು ಸಾಲಲಿಲ್ಲ. ಪಟ್ಟಿಗಳು ಹಳೇ ಟ್ಯೂಬ್‌ಲೈಟಿನಂಗ ಪಟಪಟ ಅಂದವು. ಹುಡುಗ ನಕ್ಕ.

ದುಡ್ಡು ಹೋದದ್ದು ಬೇರೆ ಕಡೆ. ಪಟ್ಟಿ ಹಚ್ಚಿ ಆರಿಸೋ ಯುಎಲ್ಎನ್ 2803 ಐಸಿಯ ಚಾನಲ್ಲಿಗೆ ತಲಾ 500 ಮಿಲಿಆಂಪ್ ಅಂತ ನಂಬಿ ಎಂಟನ್ನೂ ಒಟ್ಟಿಗೆ ಉರಿಸಿದೆ; ಆ ಲೆಕ್ಕ ಒಂದೊಂದೇ ಉರಿದರೆ ಮಾತ್ರ, ಎರಡು ಐಸಿ ಸುಟ್ಟವು. ಆಮೇಲೆ ಐಆರ್‌ಎಫ್‌ಝಡ್ 44 ಅನ್ನೋ ಮಾಸ್ಫೆಟ್ (ದೊಡ್ಡ ಕರೆಂಟಿನ ಸ್ವಿಚ್) ತಂದೆ. ಅದನ್ನು ತೆರೆಯೋ ಗೇಟ್ ಕಾಲಿಗೆ ನ್ಯಾನೋದ 5 ವೋಲ್ಟ್ ಕೊಟ್ಟರೆ ಅದು ಪೂರ್ತಿ ತೆರೆಯೋದಿಲ್ಲ, ಮುಟ್ಟಿದರೆ ಬೆರಳು ಚುರ್ ಅಂತಿತ್ತು. ಕೊನೆಗೆ ಐಆರ್‌ಎಲ್‌ಝಡ್ 44, ಅದು 5 ವೋಲ್ಟಿಗೇ ತೆರೀತದ. ಒಟ್ಟು ಸಾವಿರದ ಇನ್ನೂರರ ಆಸುಪಾಸು ಮಣ್ಣಾಯಿತು.

ಕೆಲಸ ಆದದ್ದು ಬಿಟ್ ಲೆಕ್ಕದಿಂದ. ಎಣಿಸೋದೇ ಬಿಟ್ಟೆ. ಬೆಳಕಿನ ಬೆಲೆಯ (0ರಿಂದ 255) ಎಂಟು ಬಿಟ್ಟಿಗೆ ಎಂಟು ಕಾಲಾವಧಿ, ಹಿಂದಿನದಕ್ಕಿಂತ ಮುಂದಿನದು ದುಪ್ಪಟ್ಟು. ಯಾವ ಅವಧಿಗೆ ಯಾವ ಪಿನ್ ಅಂತ ಮೊದಲೇ ಬೈಟ್ ಮಾಡಿಟ್ಟು, ಬಿ, ಸಿ, ಡಿ ಮೂರು ಪೋರ್ಟಿಗೂ (ಪಿನ್ನುಗಳ ಗುಂಪು) ಒಂದೇ ಏಟಿಗೆ ಬರೆದೆ. ಡಿಯಲ್ಲಿ ಮೇಲಿನ ನಾಲ್ಕೇ ಪಿನ್ ಬಳಸಿದೆ, ಕಂಪ್ಯೂಟರ್ ಜೊತೆ ಮಾತಾಡೋ ಸೀರಿಯಲ್ ಉಳೀತು. ಸೆಕೆಂಡಿಗೆ 25 ಸಾವಿರ ಇದ್ದ ಇಂಟರಪ್ಟ್ 800ಕ್ಕೆ ಇಳೀತು!

ಒಂದು ಕಾಟ ಉಳಿದಿತ್ತು. 127ರಿಂದ 128ಕ್ಕೆ ಹೋಗುವಾಗ ಎಂಟೂ ಬಿಟ್ ತಿರುಗಿ ಬೆಳಕು ರೆಪ್ಪೆ ಬಡಿದಂಗ ಆಗ್ತಿತ್ತು. ಅದನ್ನು ಹೆಂಗ ಮುಚ್ಚಿದೆ ಅನ್ನೋದು ನನ್ನ ಹತ್ರಾನೇ ಇರಲಿ. ಗಾಮಾ ಟೇಬಲ್ (ಕಣ್ಣಿಗೆ ಕಾಣೋ ಬೆಳಕಿಗೆ ತಕ್ಕಂತೆ ಬೆಲೆ ತಿದ್ದೋ ಕೋಷ್ಟಕ) ಮಾತ್ರ ತಪ್ಪಿಸಬೇಡಿ, ಇಲ್ಲಾಂದರೆ ಅರ್ಧದಲ್ಲೇ ಪೂರಾ ಬೆಳಕು ಬಂದಂಗ ಕಾಣ್ತದ.

ನಡುವೆ ಒಂದು ಚಾನಲ್ಲಿಗೆ 40 ಮಿಲಿಸೆಕೆಂಡಿಗೊಮ್ಮೆ ರ್‍ಯಾಂಡಮ್ ಬೆಲೆ ಕೊಟ್ಟು ನೋಡಿದೆ, ಥೇಟ್ ಹಣತೆ. ಅವ್ವ ಅದನ್ನ ದೇವರ ಜಗಲಿಗೆ ಇಟ್ಟುಕೊಂಡಾಳ.

ಜಾತ್ರೆ ಮುಗಿದ ಮೇಲೆ ಹುಡುಗ ಕೋಡ್ ಕೇಳಿದ. ಹೆಕ್ಸ್ ಫೈಲ್ ಕೊಟ್ಟೀನಿ: ಚಿಪ್ಪಿಗೆ ಹಾಕಬಹುದು, ಒಳಗಿನ ಕೋಡ್ ಓದಲಿಕ್ಕೆ ಬರೋದಿಲ್ಲ.