ಒರೆಗಾನ್ ದಾರಿ: ಎಂಬತ್ತು ಇಂಚು, ಇಪ್ಪತ್ತು ಪುಟ

‘ಆ ವಯಸ್ಸಿಗೆ ಇದೆಲ್ಲ ಭಾರ, ಒಂದು ಸಿನಿಮಾ ತೋರಿಸಿ ಸಾಕು’ ಅಂದವರೇ ಹೆಚ್ಚು. 1850ರಲ್ಲಿ ಬಂಡಿ ಕಟ್ಟಿಕೊಂಡು ಅಮೆರಿಕದ ಪಶ್ಚಿಮಕ್ಕೆ, ಒರೆಗಾನ್‌ಗೆ ವಲಸೆ ಹೊರಟವಳಂತೆ ಒಂಬತ್ತರ ಮಗಳು ಇಪ್ಪತ್ತು ಪುಟ ಕಾಲ್ಪನಿಕ ದಿನಚರಿ ಬರೆದು ಮುಗಿಸಿದ್ದಾಳೆ. ಈಗ ಅವರೇ ಹೇಗೆ ಮಾಡಿಸಿದಿರಿ ಅಂತ ಕೇಳುತ್ತಾರೆ.

ಮೊದಲ ದಂಡ, ಮರದ ಬಂಡಿಯ ಕಿಟ್. ನಲವತ್ತು ಡಾಲರ್ ಚಿಲ್ಲರೆ ಹೋಯಿತು, ಅಂಟಿಸುವುದರಲ್ಲೇ ವಾರ ಕಳೆಯಿತು, ಒಂದು ಸಾಲೂ ಬರಲಿಲ್ಲ. ಆಮೇಲೆ ಸುಮ್ಮನೆ ‘ದಿನಚರಿ ಬರಿ’ ಅಂದರೆ ಬಂದದ್ದು ‘ತುಂಬಾ ಬೇಜಾರಾಯಿತು, ತುಂಬಾ ಸುಸ್ತಾಯಿತು’. ಒಂದು ಪುಟದಲ್ಲಂತೂ ಒರೆಗಾನ್‌ನಿಂದ ಊರಿಗೆ ತಂತಿ ಕಳಿಸಿದ್ದಳು! ಖಂಡ ದಾಟುವ ತಂತಿ ಬಂದದ್ದು 1861ರಲ್ಲಿ, ರೈಲು 1869ರಲ್ಲಿ. ಈ ಎರಡು ಇಸವಿಗಳ ಚೀಟಿ ಮೇಜಿಗೆ ಅಂಟಿಸಿದ ಮೇಲೆ ಆ ತಪ್ಪು ನಿಂತಿತು.

ಕೈಹಿಡಿದದ್ದು ತೂಕದ ಲೆಕ್ಕ. ಮಾಸ್ಕಿಂಗ್ ಟೇಪಿನಲ್ಲಿ ನೆಲದ ಮೇಲೆ ಹತ್ತಡಿ ಉದ್ದ, ನಾಲ್ಕಡಿ ಅಗಲ: ಅದೇ ಬಂಡಿ. ಎಳೆಯಲು ಎತ್ತು, ಕುದುರೆಗಿಂತ ಅಗ್ಗ, ದಾರಿಬದಿಯ ಹುಲ್ಲಲ್ಲೇ ಬದುಕುತ್ತವೆ. ಹೊರೆ 2,000 ಪೌಂಡಿನ ಆಸುಪಾಸಿಗೆ ನಿಲ್ಲಬೇಕು. ದೊಡ್ಡವರೊಬ್ಬರಿಗೆ ಹಿಟ್ಟೇ 200 ಪೌಂಡ್, ಅಂದರೆ ಇಂಡಿಯನ್ ಸ್ಟೋರಿನ 20 ಪೌಂಡಿನ ಚೀಲ ಹತ್ತು. ಉಪ್ಪುಹಚ್ಚಿದ ಹಂದಿಮಾಂಸ ಇನ್ನೊಂದು 150. ನಾಲ್ವರಿಗೆ ಇವೆರಡೇ 1,400 ಆದಾಗ ಹಾಸಿಗೆ ಬಿಡುವುದೋ ಕಬ್ಬಿಣದ ಒಲೆ ಬಿಡುವುದೋ ಅನ್ನುವ ಜಗಳ ಶುರುವಾಯಿತು. ಅಂದು ಒಂದೂವರೆ ಪುಟ ಬರೆದಳು. ಒಲೆಗಳನ್ನು ದಾರಿಯಲ್ಲಿ ಎಸೆದುಹೋದವರು ನಿಜಕ್ಕೂ ಬಹಳ ಮಂದಿ.

ಗೋಡೆಗೆ ಕಾಗದದ ಸುರುಳಿ, ಇಂಚಿಗೆ 25 ಮೈಲಿ. ಪಯಣ ಶುರುವಾಗುವ ಊರು ಮಿಸೌರಿಯ ಇಂಡಿಪೆಂಡೆನ್ಸ್‌ನಿಂದ ಸುಮಾರು 2,000 ಮೈಲಿಗೆ 80 ಇಂಚು. ವಾರಕ್ಕೆ ನಾಲ್ಕಿಂಚು, ಒಂದು ಪುಟ. ಹೊರಡುವುದು ಮೇ ಆರಂಭಕ್ಕೆ. ಮುಂಚೆ ಹೊರಟರೆ ಎತ್ತಿಗೆ ಹುಲ್ಲಿಲ್ಲ, ತಡವಾದರೆ ಬೆಟ್ಟದಲ್ಲಿ ಹಿಮ. ಜುಲೈ 4ರೊಳಗೆ ದಾರಿಯ ನಡುವಿನ ದೊಡ್ಡ ಬಂಡೆ ಇಂಡಿಪೆಂಡೆನ್ಸ್ ರಾಕ್ ಮುಟ್ಟಬೇಕು, ಸುರುಳಿಯಲ್ಲಿ 33ನೇ ಇಂಚಿನ ಹತ್ತಿರ.

ಆಗಿನ ಪಯಣಿಗರ ದಿನಚರಿಗಳು ಪುಕ್ಕಟೆ ಸಿಗುತ್ತವೆ. ದಿನಕ್ಕೆ ಅರ್ಧ ಪುಟ ಓದಿಸಿದರೆ ಸಾಕು, ಜಾಸ್ತಿಯಾದರೆ ಅವರ ವಾಕ್ಯವೇ ನಕಲಾಗುತ್ತದೆ. ನೀರು, ಹುಲ್ಲು, ಮೈಲಿ, ಗೋರಿ ಕಂಡಲ್ಲಿ ಪೆನ್ಸಿಲ್ ಗೆರೆ. ಸಿನಿಮಾದಲ್ಲಿ ತೋರಿಸುವ ಮೂಲನಿವಾಸಿಗಳ ಬಾಣಗಳಿಗಿಂತ ಕಾಲರಾ ಎಷ್ಟೋ ಹೆಚ್ಚು ಜನರನ್ನು ಕೊಂದದ್ದು ಗೋರಿ ಎಣಿಸುವಾಗ ಅವಳಿಗೇ ಹೊಳೆಯಿತು. ಬರೆಯುವ ಮುನ್ನ ನಾನು ಕೇಳುವ ಪ್ರಶ್ನೆ ಒಂದಿದೆ, ಅದನ್ನು ಸದ್ಯಕ್ಕೆ ಬಿಟ್ಟುಕೊಡಲಾರೆ.

ನಡುವೆ ಇನ್ನೊಂದು ಹುಚ್ಚು. ಅಂಚೆ ಖರ್ಚು ಉಳಿಸಲು ಆಗ ಬರೆದ ಹಾಳೆಯನ್ನೇ ತಿರುಗಿಸಿ ಅಡ್ಡಡ್ಡ ಬರೆಯುತ್ತಿದ್ದರು. ಅಜ್ಜಿಗೆ ಕನ್ನಡದಲ್ಲಿ ಹಾಗೇ ಬರೆಸಿದೆ. ಒತ್ತಕ್ಷರಗಳೆಲ್ಲ ಹೆಣೆದುಕೊಂಡು ಒಂದಕ್ಷರ ಓದಲಾಗಲಿಲ್ಲ. ಸಾಲುಗಳ ನಡುವೆ ಎರಡು ಬೆರಳು ಜಾಗ ಬಿಟ್ಟು, ಎರಡನೇ ಸುತ್ತಿಗೆ ಕೆಂಪು ಶಾಯಿ ಬಳಸಿದರೆ ಓದಬಹುದು.